ಮನೋರೋಗಿ ಮತ್ತು ನಮ್ಮ ಮನೋಭಾವ



ಶಿವಮೊಗ್ಗ, ಭದ್ರಾವತಿಗಳಿಂದ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯಕ್ಕೆ ಬಸ್ಸಿನಲ್ಲಿ ಓಡಾಡುವವರು ನಿಮ್ಮಲ್ಲಿ ಅನೇಕರಿದ್ದೀರಿ. ಬಸ್ ನಿಲ್ದಾಣದಲ್ಲಿ ಒಬ್ಬಾತ ತನ್ನಷ್ಟಕ್ಕೆ ತಾನೇ ಮಾತನಾಡುತ್ತಾ ನಿಂತಿದ್ದಾನೆ ಎನ್ನಿ. ಕೆಲವರು ದೂರ ಸರಿಯುತ್ತಾರೆ, ಕೆಲವರು ನಗುತ್ತಾರೆ. ಆತನಿಗೆ ಕಾಯಿಲೆ ಇರಬಹುದು ಎಂದು ಯೋಚಿಸುವವರು ಎಷ್ಟು ಮಂದಿ?

ಮನೋರೋಗಿ ಎಂದರೆ ಮೈಮೇಲೆ ಬೀಳುವವನು ಎಂಬ ಭಯ ನಮ್ಮಲ್ಲಿದೆ. ವಾಸ್ತವವಾಗಿ ಬಹುಪಾಲು ಮನೋರೋಗಿಗಳು ಯಾರಿಗೂ ಹಾನಿ ಮಾಡುವುದಿಲ್ಲ. ಈ ಭಯವನ್ನು ಬೆಳೆಸುವುದರಲ್ಲಿ ಸಿನಿಮಾದ ಪಾಲು ದೊಡ್ಡದು. ಆದರೆ ಶಿವಮೊಗ್ಗದ ಮನೋವೈದ್ಯರಾಗಿದ್ದ ಡಾ. ಅಶೋಕ ಪೈ ಅವರು ಮನಸ್ಸಿನ ಕಾಯಿಲೆಗಳನ್ನು ಜನರಿಗೆ ತಿಳಿಸಲು ಕಥೆಯನ್ನೂ ಚಲನಚಿತ್ರವನ್ನೂ ಬಳಸಿದರು. ಸುರೇಶ್ ಹೆಬ್ಳೀಕರ್ ನಿರ್ದೇಶನದ, 1988ರ ‘ಕಾಡಿನ ಬೆಂಕಿ’ಯ ಹಿಂದೆ ಅವರಿದ್ದರು.

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆ ನಿಮಗೆ ಗೊತ್ತು. ಅದನ್ನು ನಿಜವೆಂದು ನಂಬಿ, ಕಾಯಿಲೆಯನ್ನು ಮುಚ್ಚಿಟ್ಟು ಲಗ್ನ ಮಾಡಿಸುವ ಮನೆಗಳೂ ಇವೆ. ಮದುವೆ ಔಷಧಿಯಲ್ಲ, ಕಾಯಿಲೆಗೆ ಕಾರಣ ಮಾಟವೂ ಅಲ್ಲ. ಸ್ಕಿಜೋಫ್ರೇನಿಯಾದಂಥ ತೀವ್ರ ರೋಗದಲ್ಲಿ ಇಲ್ಲದ ದನಿಗಳು ಕೇಳಿಸುತ್ತವೆ, ಆಧಾರವಿಲ್ಲದ ಸಂಶಯ ಬಲಿಯುತ್ತದೆ. ಇದು ಹೆಚ್ಚಾಗಿ ತಲೆದೋರುವುದು ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಆಸುಪಾಸಿನಲ್ಲಿ, ಎಂದರೆ ನಿಮ್ಮ ವಯಸ್ಸಿನಲ್ಲಿಯೇ.

ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಈ ರೋಗಿಗಳನ್ನು ಗುರುತಿಸಿ, ಊರಿನ ಸಮೀಪದಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಗಮನಿಸಿದ್ದಾರೆ. ಔಷಧಿ ಪಡೆದವರು ದಿನನಿತ್ಯದ ಬದುಕನ್ನು ಹೆಚ್ಚು ಚೆನ್ನಾಗಿ ನಡೆಸಿದ್ದು ಕಂಡುಬಂದಿದೆ. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ತೀವ್ರ ಮನೋರೋಗವಿದ್ದವರಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ವೈದ್ಯರ ಕೊರತೆ, ಖರ್ಚು ಇವುಗಳ ಜೊತೆಗೆ ನಾಚಿಕೆಯೂ ಇದಕ್ಕೆ ಕಾರಣ.

ಆ ನಾಚಿಕೆ ನಮ್ಮ ಮಾತಿನಿಂದ ಹುಟ್ಟುತ್ತದೆ. ಹಾಸ್ಟೆಲಿನಲ್ಲಿ ‘ಮೆಂಟಲ್’, ‘ನಿಮ್ಹಾನ್ಸ್ ಕೇಸು’ ಎಂದು ತಮಾಷೆಗೆ ಕೂಗುತ್ತೇವೆ. ರಾತ್ರಿಯೆಲ್ಲ ನಿದ್ದೆ ಬಾರದೆ, ಓದಿದ್ದು ತಲೆಗೆ ಹತ್ತದೆ ತೊಳಲುತ್ತಿರುವ ಗೆಳೆಯನ ಕಿವಿಗೂ ಅದು ಬೀಳುತ್ತದೆ. ವೈದ್ಯರ ಬಳಿ ಹೋದರೆ ತನಗೂ ಅದೇ ಹೆಸರು ಎಂದು ಅವನು ಸುಮ್ಮನಾಗುತ್ತಾನೆ. ಕಾಯಿಲೆ ಬಲಿಯುತ್ತದೆ.

ಮನೋರೋಗವೂ ಒಂದು ರೋಗವೆಂದು ಉತ್ತರಪತ್ರಿಕೆಯಲ್ಲಿ ಬರೆದು ಅಂಕ ಪಡೆಯುವುದು ಸುಲಭ. ಚಿಕಿತ್ಸೆ ಪಡೆದು ಮರಳಿದ ಸಹಪಾಠಿಯೊಡನೆ ಕೋಣೆ ಹಂಚಿಕೊಳ್ಳುತ್ತೀರಾ? ಅವನನ್ನು ಊಟಕ್ಕೆ ಕರೆಯುತ್ತೀರಾ? ನಿಜವಾದ ಪರೀಕ್ಷೆ ಅಲ್ಲಿದೆ.

ಹಾಗಾದರೆ ನೀವೇನು ಮಾಡಬಹುದು? ಗೆಳೆಯ ಮಂಕಾಗಿದ್ದರೆ ಉಪದೇಶ ಬೇಡ. ಅವನ ಮಾತು ಕೇಳಿ. ಸಾಯುವ ಮಾತನಾಡಿದರೆ ಒಂಟಿಯಾಗಿ ಬಿಡದೆ, ಮನೆಯವರಿಗೂ ಅಧ್ಯಾಪಕರಿಗೂ ಕೂಡಲೇ ತಿಳಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ ಕೊಟ್ಟಿದೆ.

ಕಾಯ್ದೆ ಹಕ್ಕನ್ನು ಕೊಡುತ್ತದೆ. ಪಕ್ಕದಲ್ಲಿ ಕೂರಲು ಜಾಗ ಕೊಡಬೇಕಾದವರು ನೀವು. ಕಾಲು ಮುರಿದ ಗೆಳೆಯನಿಗೆ ಹೆಗಲು ಕೊಡುತ್ತೀರಿ. ಮನಸ್ಸು ನೊಂದವನಿಗೂ ಕೊಡಿ.