ವಿಮಾನದ ಹೊಗೆ, ನಮ್ಮ ಗೋವಿನಜೋಳ

ಬೆಂಗಳೂರಿಂದ ದುಬೈಗೆ, ಲಂಡನ್ನಿಗೆ ಹಾರೋ ವಿಮಾನಕ್ಕೂ ಹಾನಗಲ್, ಶಿಗ್ಗಾಂವಿಯ ಹೊಲಕ್ಕೂ ಏನ್ ಸಂಬಂಧ? ಇವತ್ತಿನ ಮಾತು ಅದೇ.

ಒಂದು ಕೆಜಿ ವಿಮಾನ ಇಂಧನ ಉರಿದರೆ 3.16 ಕೆಜಿ ಇಂಗಾಲದ ಡೈಆಕ್ಸೈಡ್ ಬರ್ತದೆ. ಇದಕ್ಕೆ ಲಗಾಮು ಹಾಕಲು ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ 2016ರಲ್ಲಿ ‘ಕೋರ್ಸಿಯಾ’ ಯೋಜನೆ ಒಪ್ಪಿತು. 2019ರ ಹೊಗೆಯ ಶೇ 85 ಅನ್ನೋದು ಈಗಿನ ಗೆರೆ. ದಾಟಿದ್ದಕ್ಕೆ ಕಂಪನಿಗಳು ಕಾರ್ಬನ್ ಕ್ರೆಡಿಟ್ ಕೊಳ್ಳಬೇಕು. ಭಾರತಕ್ಕೆ ಇದು 2027ರಿಂದ.

ಬಿಕಾಂ ಓದಿದ ನನಗೆ ಇದು ಜಮಾ-ಖರ್ಚಿನ ಪುಸ್ತಕದಂಗ ಕಾಣ್ತದೆ. ಇಲ್ಲಿ ಖರ್ಚು, ಎಲ್ಲೋ ಇರೋ ಕಾಡಿನ ಹೆಸರಲ್ಲಿ ಜಮಾ. ಆದ್ರೆ ಹೊಗೆ ಇವತ್ತೇ ಹೋಯ್ತು, ಗಿಡ ಇನ್ನೂ ಬೆಳೀಬೇಕು. ಸವಣೂರಿನ ದೊಡ್ಡಹುಣಸೆ ಮರಗಳಂಗ ಶತಮಾನಗಟ್ಟಲೆ ನಿಲ್ಲೋವು ಎಷ್ಟು, ಹೇಳ್ರಿ?

ಅದಕ್ಕೇ ಇಂಧನ ಬದಲಿಸೋ ದಾರಿನೇ ಮೇಲು ಅನ್ಸುತ್ತೆ. ಅಂತಾರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ ಶೇ 1, 2028ಕ್ಕೆ ಶೇ 2, 2030ಕ್ಕೆ ಶೇ 5 ಸುಸ್ಥಿರ ಇಂಧನ ಬೆರೆಸೋ ಗುರಿ ಕೇಂದ್ರದ್ದು. ಅದನ್ನ ಎಥೆನಾಲ್‌ನಿಂದ ಮಾಡಬಹುದು, ಎಥೆನಾಲ್ ಗೋವಿನಜೋಳದಿಂದ ಆಗ್ತದೆ, ಗೋವಿನಜೋಳ ಹಿರೇಕೆರೂರಿನ ಕಡೆ ಕಣ್ಣು ಹಾಯಿಸಿದಲ್ಲೆಲ್ಲಾ ಐತಿ.

ತಡೀರಿ, ಖುಷಿ ಪಡಬ್ಯಾಡ್ರಿ. 2025-26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಅಷ್ಟು ಸಿಗದೆ, ಖರೀದಿ ಕೇಂದ್ರ ತೆರೀರಿ ಅಂತ ನಮ್ಮ ಜಿಲ್ಲೆಯ ರೈತರು ಬೀದಿಗಿಳಿದರು. ಹಸಿರು ಇಂಧನದ ದುಡ್ಡು ಹೊಲಕ್ಕೆ ಬರದಿದ್ರೆ ಅದ್ಯಾತಕ್ಕೆ? ಮೇಲಾಗಿ ಯೂರಿಯಾದ ಹೊಗೆನೂ ಲೆಕ್ಕಕ್ಕೆ ಸೇರಬೇಕು. ಕಾಳಿನ ಬದಲು ದಂಟಿನಿಂದ ಇಂಧನ ಮಾಡಿದ್ರೆ ಲೆಕ್ಕ ಚಲೋ ಆಗ್ತದೆ, ಆದ್ರೆ ದಂಟು ದನದ ಮೇವು.

ನಿಮ್ಮನ್ಯಾಗ ದಂಟು ಏನ್ ಮಾಡ್ತೀರಿ? ವಾಯ್ಸ್ ಮೆಸೇಜ್ ಕಳಿಸ್ರಿ.