ಬಿಟ್ಟು ಹೋದವರು, ಉಳಿದವರು: ಆಂಟಿಗುವಾದಲ್ಲಿ ಐದು ದಿನ



ರಕ್ತದೊತ್ತಡದ ಬಗೆಗೋ ಸಕ್ಕರೆ ಕಾಯಿಲೆಯ ಬಗೆಗೋ ಉಪನ್ಯಾಸವಿರಬಹುದೆಂದು ಬಂದವರ ಕ್ಷಮೆ ಕೋರಿ, ಇಂದು ಒಂದು ಊರಿನ ವಿಷಯವನ್ನು ಹೇಳಬೇಕೆಂದಿದ್ದೇವೆ. ಇಲ್ಲಿ 'ನಾವು' ಎಂಬುದು ಗೌರವಾರ್ಥದ ಬಹುವಚನವಲ್ಲ. ದಂಪತಿಗಳಿಬ್ಬರೂ ಒಟ್ಟಿಗೆ ನಡೆದು, ನೋಡಿ, ಒಂದು ಕಡೆ ಜಗಳವನ್ನೂ ಆಡಿ ತಂದ ಅನುಭವವಿದು.

2023ರ ಫೆಬ್ರವರಿಯಲ್ಲಿ ನಮಗೆ ಐದು ದಿನಗಳ ಬಿಡುವು ದೊರೆಯಿತು. ವಾರಾಂತ್ಯಗಳಲ್ಲಿ ಹತ್ತು ಹನ್ನೆರಡು ಮೈಲಿ ನಡೆಯುವ ಅಭ್ಯಾಸವಿದ್ದುದರಿಂದ ಕಡಲ ತೀರದಲ್ಲಿ ಮಲಗಿ ಬರುವ ಪ್ರವಾಸ ನಮಗೆ ಒಗ್ಗದು. ಗ್ವಾಟೆಮಾಲಾ ದೇಶದ ಆಂಟಿಗುವಾ ನಗರವನ್ನು ಆರಿಸಿಕೊಂಡೆವು. ಸಮುದ್ರಮಟ್ಟದಿಂದ ಸುಮಾರು 1,530 ಮೀಟರ್ ಎತ್ತರದ ಕಣಿವೆಯಲ್ಲಿರುವ ಊರು. ನೇರವಾದ ಬೀದಿಗಳು, ಕಲ್ಲು ಹಾಸಿನ ದಾರಿ, ಹೆಂಚಿನ ಮಾಡಿನ ತಗ್ಗು ಮನೆಗಳು, ಒಳಗೆ ನಮ್ಮ ತೊಟ್ಟಿಮನೆಯಂಥದೇ ಅಂಗಳ. ದಕ್ಷಿಣಕ್ಕೆ 'ನೀರು' ಎಂಬ ಅರ್ಥದ ಆಗುವಾ ಪರ್ವತ. ಪಶ್ಚಿಮದತ್ತ 'ಬೆಂಕಿ' ಎಂಬ ಅರ್ಥದ ಫುಯೆಗೊ ಮತ್ತು ಅದಕ್ಕೆ ಅಂಟಿಕೊಂಡಂತಿರುವ ಅಕತೆನಾಂಗೊ. ನಾವು ಹೋದಾಗ ಫುಯೆಗೊ ಆಗಾಗ ಹೊಗೆಯುಗುಳುತ್ತಿತ್ತು. ಊರಿನವರು ತಲೆಯೆತ್ತಿಯೂ ನೋಡುತ್ತಿರಲಿಲ್ಲ.

ಈ ಊರಿನ ಕಥೆಯೆಂದರೆ ಸ್ಥಳಾಂತರದ ಕಥೆ. ಸ್ಪ್ಯಾನಿಷರು 1524ರಲ್ಲಿ ತಮ್ಮ ರಾಜಧಾನಿಯನ್ನು ಬೇರೊಂದೆಡೆ ಸ್ಥಾಪಿಸಿ, 1527ರಲ್ಲಿ ಆಗುವಾ ಪರ್ವತದ ಬುಡಕ್ಕೆ ತಂದರು. 1541ರ ಸೆಪ್ಟೆಂಬರ್ ತಿಂಗಳಲ್ಲಿ ಬಿಡದೆ ಸುರಿದ ಮಳೆಗೆ ಪರ್ವತದ ಮೇಲಿಂದ ಕೆಸರು, ಬಂಡೆಗಳು ಹರಿದುಬಂದು ಆ ಊರನ್ನು ಮುಳುಗಿಸಿದವು. ಎರಡು ದಿನಗಳ ಹಿಂದಷ್ಟೇ ಅಧಿಕಾರ ವಹಿಸಿದ್ದ ರಾಜ್ಯಪಾಲೆ ಬೆಯಾತ್ರಿಸ್ ದೆ ಲಾ ಕ್ಯುಯೆವಾ ಕೂಡ ಅದರಲ್ಲಿ ತೀರಿಕೊಂಡರು. 1543ರಲ್ಲಿ ರಾಜಧಾನಿ ಈಗಿನ ಕಣಿವೆಗೆ ಬಂದಿತು. ಇನ್ನೂರ ಮೂವತ್ತು ವರ್ಷಗಳ ಬಳಿಕ, 1773ರ ಜುಲೈ 29ರಂದು, ಭೂಕಂಪವು ಈ ಊರನ್ನೂ ಕೆಡವಿತು. 1776ರಲ್ಲಿ ರಾಜಧಾನಿಯನ್ನು ಇಂದಿನ ಗ್ವಾಟೆಮಾಲಾ ನಗರಕ್ಕೆ ಒಯ್ದರು.

ಎಲ್ಲರೂ ಹೊರಡಬೇಕೆಂದು ಅಂದಿನ ಅಧಿಪತಿ ಮಾರ್ತಿನ್ ದೆ ಮಯೋರ್ಗಾ ಪಟ್ಟು ಹಿಡಿದರು. ಹೋಗಲೊಲ್ಲೆನೆಂದು ಆರ್ಚ್‌ಬಿಷಪ್ ಪೆದ್ರೊ ಕೊರ್ತೆಸ್ ಇ ಲಾರ್ರಾಸ್ ಹಟ ತೊಟ್ಟು, ಕೊನೆಗೆ ತಮ್ಮ ಪೀಠವನ್ನೇ ಕಳೆದುಕೊಂಡರು. ಹಳೆಯ ಕಟ್ಟಡಗಳ ಸಾಮಗ್ರಿಯನ್ನು ಕಳಚಿ ಹೊಸ ರಾಜಧಾನಿಗೆ ಸಾಗಿಸಲಾಯಿತು. ಆದರೂ ಒಂದಷ್ಟು ಜನ ಅಲ್ಲಿಯೇ ಉಳಿದರು. ಹಾಗೆ ಉಳಿದ ಊರೇ ಆಂಟಿಗುವಾ, ಅಂದರೆ 'ಹಳೆಯದು'. 1979ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಪ್ಪಣೆಯನ್ನು ಮೀರಿ ಉಳಿದವರು ಇಲ್ಲದಿದ್ದರೆ ಪಟ್ಟಿಗೆ ಸೇರಿಸಲು ಊರೇ ಇರುತ್ತಿರಲಿಲ್ಲವೆಂದು ನಮ್ಮ ಅನಿಸಿಕೆ.

ಮೊದಲ ದಿನ ಲಾ ಮೆರ್ಸೆದ್ ಚರ್ಚನ್ನು ನೋಡಿದೆವು. 1767ರಲ್ಲಿ ಮುಗಿದ ಕಟ್ಟಡ. ಎತ್ತರ ಕಡಿಮೆ, ಗೋಡೆಗಳು ಮಹಾ ದಪ್ಪ, ಗೋಪುರಗಳು ಮೊಟಕು. ಕಂಪಿಸುವ ನೆಲದ ಮೇಲೆ ಕಟ್ಟಬೇಕಾದ ರೀತಿಯನ್ನು ಪೆಟ್ಟು ತಿಂದೇ ಕಲಿತವರ ಕೆಲಸ. ಆರು ವರ್ಷಗಳ ನಂತರದ ಭೂಕಂಪವನ್ನು ಅದು ತಾಳಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೊ ಚರ್ಚಿನಲ್ಲಿ ಪೆದ್ರೊ ದೆ ಬೆತಾಂಕೂರ್ ಎಂಬ ಸಂತರ ಸಮಾಧಿಯಿದೆ. ಟೆನೆರೀಫ್ ದ್ವೀಪದಿಂದ 1651ರಲ್ಲಿ ಬರಿಗೈಯಲ್ಲಿ ಇಲ್ಲಿಗೆ ಬಂದವರು. ಕಾಯಿಲೆ ಇಳಿದರೂ ಇನ್ನೂ ನಿತ್ರಾಣರಾಗಿ, ಆಸ್ಪತ್ರೆಯಿಂದ ಹೊರಬಂದು ಹೋಗಲೆಡೆಯಿಲ್ಲದ ಬಡವರಿಗಾಗಿ ಒಂದು ಆಸರೆಯನ್ನು ಕಟ್ಟಿದರು. ಹಾಸಿಗೆ ತೆರವಾಗಲೆಂದು ರೋಗಿಯನ್ನು ಬೇಗ ಮನೆಗೆ ಕಳುಹಿಸುವುದನ್ನೇ ದಕ್ಷತೆಯೆಂದು ಕರೆಯುವ ವೃತ್ತಿಯಲ್ಲಿರುವ ನಮಗೆ ಅಲ್ಲಿ ತುಸು ನಾಚಿಕೆಯಾಯಿತು.

ಇನ್ನು ಜಗಳದ ಪ್ರಸಂಗ. ಎರಡನೆಯ ದಿನವೇ ಅಕತೆನಾಂಗೊ ಏರಲು ಹೊರಟೆವು. ಎತ್ತರ 3,976 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಹೆಚ್ಚು. ಸುಮಾರು 3,600 ಮೀಟರಿನಲ್ಲಿ ಬಿಡಾರ ಹೂಡಿ, ರಾತ್ರಿ ಎದುರಿನ ಫುಯೆಗೊ ಕಾರುವ ಬೆಂಕಿಯನ್ನು ನೋಡುವುದು ಕ್ರಮ. ಸಮುದ್ರಮಟ್ಟದ ಊರಿನಿಂದ ಹಿಂದಿನ ದಿನವಷ್ಟೇ ಬಂದವರು ಇಂಥ ಸಾಹಸಕ್ಕೆ ಇಳಿಯಬಾರದೆಂದು ಯಾವ ವೈದ್ಯರಾದರೂ ಹೇಳಿಯಾರು. ನಮ್ಮಲ್ಲಿ ಒಬ್ಬರು ವೈದ್ಯರೇ. ಡಯಾಮಾಕ್ಸ್ ಮಾತ್ರೆಗಳನ್ನು ಹಿಂದಿನ ದಿನದಿಂದಲೇ ತೆಗೆದುಕೊಳ್ಳಬೇಕೆಂದು ರೋಗಿಗಳಿಗೆ ಬರೆದುಕೊಟ್ಟವರು. ಮಾತ್ರೆಗಳು ಹೋಟೆಲಿನ ಪೆಟ್ಟಿಗೆಯಲ್ಲಿಯೇ ಉಳಿದಿದ್ದವು.

ಮೊದಲು ಮುಸುಕಿನ ಜೋಳದ ಹೊಲಗಳು, ಬಳಿಕ ಮಂಜು ಮುಸುಕಿದ ಕಾಡು. ಮಾರ್ಗದರ್ಶಕ ಇಪ್ಪತ್ತೈದರ ಆಸುಪಾಸಿನ ತರುಣ. ಪೈನ್ ಮರಗಳು ಆರಂಭವಾಗುವ ಹೊತ್ತಿಗೆ ವೈದ್ಯರಿಗೆ ತಲೆ ಸಿಡಿಯತೊಡಗಿತು. ಇನ್ನೂ ಸ್ವಲ್ಪ ಮೇಲೆ ಓಕರಿಕೆ. ಬಿಸಿಲಿಗೆ ಎಂದರು. ಬೆಳಗಿನ ಹುರುಳಿಕಾಳಿನ ಪಲ್ಯಕ್ಕೆ ಎಂದರು. ಮನೆಯಾಕೆ ಒಂದು ಬಂಡೆಯ ಮೇಲೆ ಕುಳಿತು, "ನಿಮ್ಮ ರೋಗಿ ಬಂದು ಹೀಗೆಯೇ ಹೇಳಿದ್ದರೆ ನೀವು ಏನು ಹೇಳುತ್ತಿದ್ದಿರಿ?" ಎಂದು ಕೇಳಿದರು. ಉತ್ತರ ಇಬ್ಬರಿಗೂ ಗೊತ್ತಿತ್ತು. ಆದರೂ ಅರ್ಧ ಗಂಟೆ ವಾದ ನಡೆಯಿತು. ಇಷ್ಟು ದೂರ ಬಂದು, ಇಷ್ಟು ಹಣ ಕೊಟ್ಟು, ಇನ್ನು ಒಂದೇ ಗಂಟೆಯ ದಾರಿ! ಎತ್ತರದ ಕಾಯಿಲೆಯ ಲಕ್ಷಣಗಳಲ್ಲಿ ಮೊಂಡುತನವನ್ನೂ ಸೇರಿಸಬೇಕು. ತಲೆನೋವಿನ ಜೊತೆ ಓಕರಿಕೆ ಇದ್ದರೆ ಮುಂದೆ ಏರಕೂಡದು. ನಡಿಗೆ ತಪ್ಪಿದರೆ, ಕುಳಿತಲ್ಲಿಯೇ ಏದುಸಿರು ಬಂದರೆ ತಡಮಾಡದೆ ಇಳಿಯಬೇಕು. ಇದೇ ಪರ್ವತದ ಮೇಲೆ 2017ರ ಜನವರಿಯಲ್ಲಿ ಆರು ಜನ ಚಾರಣಿಗರು ಚಳಿಯಿಂದ ಸತ್ತಿದ್ದರು.

ಗುಂಪು ಮುಂದೆ ಹೋಯಿತು. ಆ ತರುಣ ನಮ್ಮೊಡನೆ ಇಳಿದ. ಆಸ್ಪತ್ರೆಯಲ್ಲಿ ಕಲಿತ ನಮ್ಮ ಸ್ಪ್ಯಾನಿಷ್ 'ಎಲ್ಲಿ ನೋವು, ಎಷ್ಟು ದಿನದಿಂದ' ಎಂಬಲ್ಲಿಗೆ ಮುಗಿಯುತ್ತದೆ. ಆದರೂ ಮಾತು ಸಾಗಿತು. ಒಂದು ಸಾವಿರ ಅಡಿ ಇಳಿಯುವಷ್ಟರಲ್ಲಿ ತಲೆ ತಿಳಿಯಾಯಿತು. ಅವನ ಮನೆ ಫುಯೆಗೊದ ತಪ್ಪಲಿನ ಅಲೊತೆನಾಂಗೊದಲ್ಲಿ. 2018ರ ಜೂನ್ 3ರಂದು ಆ ಪರ್ವತ ಸಿಡಿದು, ಕಾದ ಬೂದಿಯ ಪ್ರವಾಹ ಸ್ಯಾನ್ ಮಿಗೆಲ್ ಲೋಸ್ ಲೋತೆಸ್ ಎಂಬ ಹಳ್ಳಿಯನ್ನು ಹೂತುಹಾಕಿತು. ಅಲ್ಲಿ ತನ್ನ ಚಿಕ್ಕಪ್ಪನ ಮನೆಯಿತ್ತೆಂದ. ಹಾಗಿದ್ದೂ ಊರನ್ನು ಬಿಡಲಿಲ್ಲವೇಕೆ ಎಂದು ಕೇಳಿಬಿಟ್ಟೆವು.

"ಅಣ್ಣ ಬಿಟ್ಟ, ಹೂಸ್ಟನ್ನಿನಲ್ಲಿದ್ದಾನೆ. ಅಮ್ಮನ ಜೊತೆ ಒಬ್ಬರು ಇರಬೇಕಲ್ಲ" ಎಂದ. ನಾವಿಬ್ಬರೂ ಮುಂದೆ ಏನನ್ನೂ ಕೇಳಲಿಲ್ಲ. ಮೈಸೂರಿನಲ್ಲಿ ನಮ್ಮ ತಾಯಿಯ ಜೊತೆ ಕೊನೆಯ ಹದಿನಾಲ್ಕು ವರ್ಷ ಇದ್ದವನು ತಮ್ಮ.

ಉಳಿದ ದಿನಗಳನ್ನು ಊರಿನಲ್ಲಿಯೇ ಕಳೆದೆವು. ಕಾಫಿ ತೋಟವೊಂದರಲ್ಲಿ ಗಿಡಗಳಿಗೆ ನೆರಳಾಗಿ ನಿಂತಿದ್ದವು ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಣುವ ಅದೇ ಸಿಲ್ವರ್ ಓಕ್ ಮರಗಳು. ಆಸ್ಟ್ರೇಲಿಯಾದಿಂದ ಎರಡೂ ಕಡೆ ಬಂದು ನೆಲೆಸಿದ ಮರ. ಮಾರುಕಟ್ಟೆಯಲ್ಲಿ ಏಲಕ್ಕಿಯ ರಾಶಿಯನ್ನು ಕಂಡು ಮನೆಯಾಕೆ ನಿಂತುಬಿಟ್ಟರು. ನಮ್ಮ ಪಶ್ಚಿಮ ಘಟ್ಟಗಳ ಈ ಬೆಳೆ ಕಳೆದ ಶತಮಾನದಲ್ಲಿ ಜರ್ಮನ್ ತೋಟಗಾರರ ಮೂಲಕ ಗ್ವಾಟೆಮಾಲಾ ಸೇರಿ, ಆ ದೇಶವನ್ನು ಏಲಕ್ಕಿ ರಫ್ತಿನಲ್ಲಿ ಮುಂಚೂಣಿಗೆ ತಂದಿದೆ. ಅಲ್ಲಿಯ ಜನ ಮಾತ್ರ ಅದನ್ನು ಅಡುಗೆಗೆ ಅಷ್ಟಾಗಿ ಬಳಸರು.

ಕೊನೆಯ ರಾತ್ರಿ ಹೋಟೆಲಿನ ತಾರಸಿಯಲ್ಲಿ ಕಂಬಳಿ ಹೊದ್ದು ಕುಳಿತೆವು. ಹನ್ನೊಂದರ ಸುಮಾರಿಗೆ ಫುಯೆಗೊದ ನೆತ್ತಿಯಲ್ಲಿ ಕೆಂಪು ಕಿಡಿಗಳು ಚಿಮ್ಮಿ ಇಳಿಜಾರಿನಲ್ಲಿ ಉರುಳಿದವು. ದೂರದಿಂದ ಬೆರಳಿನಗಲದಷ್ಟು ಕಂಡಿತು, ಅಷ್ಟೆ. ಅದರ ಸದ್ದು ಬಹಳ ಹೊತ್ತಿನ ಮೇಲೆ ಬಂದಿತು. ಕೆಳಗಿನ ಬೀದಿಯಲ್ಲಿ ಯಾರೋ ಅಂಗಡಿಯ ಬಾಗಿಲು ಹಾಕುತ್ತಿದ್ದರು.

ಡಯಾಮಾಕ್ಸ್ ಡಬ್ಬಿಯನ್ನು ಮನೆಯಾಕೆ ಅಡುಗೆಮನೆಯ ಕಪಾಟಿನಲ್ಲಿ ಕಾಫಿಪುಡಿಯ ಪಕ್ಕ, ಎದುರಿಗೇ ಕಾಣುವಂತೆ ಇಟ್ಟಿದ್ದಾರೆ. ಅದರ ಮುಚ್ಚಳವನ್ನು ಇನ್ನೂ ತೆರೆದಿಲ್ಲ.