ಅರ್ಧ ದಾರಿಯಲ್ಲಿ ತಿರುಗಿಬರುವ ಪ್ರವಾಸ



ಪರೀಕ್ಷೆ ಮುಗಿದು ಬೇಸಿಗೆ ರಜೆ ಬಂತೆಂದರೆ, ಅಜ್ಜಿಮನೆಗೆ ಹೊರಡುವ ಮಕ್ಕಳ ಜೊತೆಗೆ ಈಗೀಗ ಲಂಡನ್ನಿನ ಚಿಕ್ಕಪ್ಪನ ಮನೆಗೆ, ಸೋದರತ್ತೆಯ ಮನೆಗೆ ಹೊರಡುವ ಮಕ್ಕಳೂ ಇದ್ದಾರೆ. ವೀಸಾ, ವಿಮಾನದ ಟಿಕೆಟ್ಟು ಅಂತ ಅಷ್ಟು ಹೊತ್ತಿಗೆ ಲಕ್ಷಗಟ್ಟಲೆ ಕೈಬಿಟ್ಟಿರುತ್ತದೆ. ಹಾಗಾಗಿ ಅಪ್ಪ ಅಮ್ಮನ ತಲೆಯಲ್ಲಿ ಒಂದೇ ಲೆಕ್ಕ: ಇಷ್ಟು ದೂರ ಬಂದಿದ್ದೇವೆ, ಒಂದು ದಿನವೂ ದಂಡವಾಗಬಾರದು. ಆ ಲೆಕ್ಕ ಅವರನ್ನು ನೇರವಾಗಿ ತಂದು ಕೂರಿಸುವುದು ಕೋಚ್ ಟೂರಿನ ಸೀಟಿನಲ್ಲಿ. ಒಂದೇ ದಿನದಲ್ಲಿ ವಿಂಡ್ಸರ್ ಕೋಟೆ, ಸ್ಟೋನ್‌ಹೆಂಜ್, ಬಾತ್ ಪಟ್ಟಣ.

ದೂರ ನೋಡಿ. ಲಂಡನ್ನಿನಿಂದ ಸ್ಟೋನ್‌ಹೆಂಜ್ ಸುಮಾರು 140 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಮೈಸೂರಿನಷ್ಟು. ಅಲ್ಲಿಂದ ಬಾತ್ ಇನ್ನೂ ಐವತ್ತು ಚಿಲ್ಲರೆ. ಬಾತ್‌ನಿಂದ ವಾಪಸ್ಸು ಸುಮಾರು 185. ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತಿದರೆ ಇಳಿಯುವುದು ರಾತ್ರಿ ಏಳಕ್ಕೋ ಎಂಟಕ್ಕೋ. ದೊಡ್ಡವರಿಗೆ ಒಳ್ಳೆಯ ಟೂರೇ, ಬೇಡವೆನ್ನುವುದಿಲ್ಲ. ಆದರೆ ಆರು ವರ್ಷದ ಮಗುವಿಗೆ ಅಲ್ಲಿ ಸಿಗುವುದೇನು? ನಾಲ್ಕೂವರೆ ಸಾವಿರ ವರ್ಷದ ಕಲ್ಲುಗಳನ್ನು ಮಾಮೂಲಿ ಟಿಕೆಟ್ಟಿನವರು ಸುತ್ತಲಿನ ದಾರಿಯಲ್ಲಿ ನಡೆದು ದೂರದಿಂದಲೇ ನೋಡಬೇಕು. ನಡುವೆ ಹೋಗುವಂತಿಲ್ಲ, ಮುಟ್ಟುವಂತಿಲ್ಲ. ಬಯಲಿನ ಗಾಳಿ ಬೇರೆ. ಕೊಪ್ಪಳದ ಹಿರೇಬೆಣಕಲ್ಲಿನಲ್ಲಿ ಮೋರೇರ ಮನೆಗಳೆಂಬ ಪ್ರಾಚೀನ ಕಲ್ಲುಮನೆಗಳ ನಡುವೆ ಓಡಾಡಿದ ಮಗುವಾದರೆ, ಇದೇನು ದೂರದಿಂದ ತೋರಿಸುತ್ತೀರಿ ಎಂದು ಕೇಳಿಯೇ ಕೇಳುತ್ತದೆ.

ಇನ್ನೊಂದು ಸಂಗತಿ, ನಾವು ಮರೆತರೂ ಮಗುವಿನ ಮೈ ಮರೆಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಆರಾದಾಗ ಮಗುವಿನ ಮೈಗೆ ರಾತ್ರಿ ಹತ್ತೂವರೆ. ಕೋಚು ಎಂಟಕ್ಕೆ ವಾಪಸ್ಸು ಬಂದರೆ ಮಧ್ಯರಾತ್ರಿ ದಾಟಿರುತ್ತದೆ. ಹೋದ ಮೊದಲ ನಾಲ್ಕೈದು ದಿನ ಮಕ್ಕಳು ನಸುಕಿನ ಮೂರಕ್ಕೇ ಎದ್ದು ಹಸಿವು ಎನ್ನುತ್ತಾರೆ, ಸಂಜೆ ಐದಕ್ಕೆ ಕುಳಿತಲ್ಲೇ ತೂಗುತ್ತಾರೆ. ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾತ್‌ನ ರೋಮನ್ ಸ್ನಾನಗೃಹ ನೋಡಿದರೆ, ನೋಡಿದ್ದು ಯಾರು?

ಆದ್ದರಿಂದ ಮಕ್ಕಳ ಜೊತೆ ಒಂದು ದಿನದ ಊರು ಆರಿಸುವಾಗ ಅಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ನಾನು ಆಮೇಲೆ ನೋಡುತ್ತೇನೆ. ಮಧ್ಯಾಹ್ನ ಹನ್ನೆರಡಕ್ಕೆ ಮಗು ‘ಸಾಕು’ ಅಂದರೆ ಎಷ್ಟು ಹೊತ್ತಿಗೆ ಹಾಸಿಗೆ ಸೇರಬಹುದು? ಮೊದಲು ಇದಕ್ಕೆ ಉತ್ತರ ಬೇಕು. ಕೋಚ್ ಟೂರಿನಲ್ಲಿ ಇದಕ್ಕೆ ಉತ್ತರವೇ ಇಲ್ಲ. ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ‘ಅಮ್ಮಾ, ಒಂದಕ್ಕೆ’ ಎನ್ನುವ ಮಗುವಿನ ತಾಯಿಯ ಮುಖ ನೆನೆಸಿಕೊಳ್ಳಿ. ಬಸ್ಸಿನ ತುಂಬ ಜನ ಗಡಿಯಾರ ನೋಡುತ್ತಿರುತ್ತಾರೆ.

ಹಾಗಾದರೆ ಎಲ್ಲಿಗೆ ಹೋಗೋಣ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಗ್ರೀನಿಚ್. ಊರಿನೊಳಗಿನ ಊರು, ಲಂಡನ್ನಿನ ಆಗ್ನೇಯ ಭಾಗದಲ್ಲಿ. ಹೋಗುವಾಗ ವೆಸ್ಟ್‌ಮಿನ್‌ಸ್ಟರ್‌ನಿಂದ ಥೇಮ್ಸ್ ನದಿಯಲ್ಲಿ ಬೋಟು. ಒಂದು ಗಂಟೆಯೊಳಗಿನ ದಾರಿ, ಟವರ್ ಬ್ರಿಡ್ಜಿನ ಕೆಳಗೇ ಹಾದುಹೋಗುತ್ತದೆ. ರೈಲಿಗಿಂತ ದುಬಾರಿ, ಆದರೆ ಬೋಟಿನಲ್ಲಿ ಮಗು ಎದ್ದು ಓಡಾಡಬಹುದು, ಕಿಟಕಿ ಬದಲಿಸಬಹುದು. ಬರುವಾಗ ರೈಲು. ಇದನ್ನು ಮಾತ್ರ ಉಲ್ಟಾ ಮಾಡಬೇಡಿ. ಸುಸ್ತಾದ ಮೇಲೆ ಬೇಗ ಮನೆ ಮುಟ್ಟಿಸುವ ದಾರಿಯೇ ಬೇಕು. 11 ವರ್ಷ ತುಂಬದ ಮಕ್ಕಳಿಗೆ ದೊಡ್ಡವರ ಜೊತೆಯಿದ್ದರೆ ಅಲ್ಲಿನ ಮೆಟ್ರೋ ರೈಲುಗಳಲ್ಲಿ ಟಿಕೆಟ್ಟೂ ಇಲ್ಲ.

ಗ್ರೀನಿಚ್ ಪಾರ್ಕಿನ ಗುಡ್ಡ ಹತ್ತಿದರೆ ಹಳೆಯ ಖಗೋಳ ವೀಕ್ಷಣಾಲಯ. ಒಳಗೆ ಹೋಗಲು ಟಿಕೆಟ್ಟು, ತೆರೆದಿದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಆದರೆ ಮಕ್ಕಳಿಗೆ ಬೇಕಾದ್ದು ಬಹುಪಾಲು ಹೊರಗೇ ಇದೆ. ಗೇಟಿನ ಪಕ್ಕದ ಗೋಡೆಯಲ್ಲಿ 1852ರಲ್ಲಿ ಕೂರಿಸಿದ ಒಂದು ಗಡಿಯಾರ. ಮುಖದ ಮೇಲೆ ಹನ್ನೆರಡಲ್ಲ, ಇಪ್ಪತ್ತನಾಲ್ಕು ಗಂಟೆಗಳು, ಅದೂ ರೋಮನ್ ಅಂಕಿಯಲ್ಲಿ. ಗಂಟೆಯ ಮುಳ್ಳು ದಿನಕ್ಕೆ ಒಂದೇ ಸುತ್ತು ಬರುತ್ತದೆ. ಹಾಗಾಗಿ ಅದರ ಹನ್ನೆರಡು ಗಂಟೆಗೆ ಮುಳ್ಳು ನೆಟ್ಟಗೆ ಕೆಳಗೆ ನೋಡುತ್ತಿರುತ್ತದೆ! ಶಾಲೆಯಲ್ಲಿ ಈಗಷ್ಟೇ ಗಡಿಯಾರ ಓದಲು ಕಲಿತ ಮಗು ಅದರೆದುರು ತಲೆ ವಾಲಿಸಿ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ಅದು ನಿಮ್ಮ ಕೈಗಡಿಯಾರಕ್ಕಿಂತ ಒಂದು ಗಂಟೆ ಹಿಂದಿರುತ್ತದೆ. ಕೆಟ್ಟಿಲ್ಲ. ದೇಶವೆಲ್ಲ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೂ ಇದು ಮಾತ್ರ ಜಗ್ಗುವುದಿಲ್ಲ. ಅದು ತೋರಿಸುವ ಹೊತ್ತಿಗೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಊರಿನ ಹೊತ್ತು. ಅಲ್ಲಿ ಹನ್ನೊಂದಾದರೆ ಮಂಡ್ಯದಲ್ಲಿ ಸಂಜೆ ನಾಲ್ಕೂವರೆ, ಅಜ್ಜಿ ಕಾಫಿಗೆ ಹಾಲಿಟ್ಟಿರುತ್ತಾರೆ. ಈ ಕೂಡುವ ಲೆಕ್ಕವನ್ನು ಮಗುವೇ ಮಾಡಲಿ, ನೀವು ಬಾಯಿ ಹಾಕಬೇಡಿ.

ಇನ್ನು ಆ ಪ್ರಖ್ಯಾತ ಗೆರೆ, ಭೂಗೋಳದ ಪುಸ್ತಕದ ಸೊನ್ನೆ ರೇಖಾಂಶ. 1884ರಲ್ಲಿ ವಾಷಿಂಗ್‌ಟನ್ನಿನಲ್ಲಿ ಹಲವು ದೇಶಗಳು ಸೇರಿ, ಲೋಕಕ್ಕೆಲ್ಲ ಇದೇ ಮೊದಲ ಗೆರೆ ಎಂದು ಒಪ್ಪಿಕೊಂಡವು. ಇವತ್ತು ಬೆಳಗ್ಗೆ ರೇಡಿಯೊ ನಿಮಗೆ ಹೇಳಿದ ಸಮಯವೂ ಅಲ್ಲಿಂದ ಶುರುವಾದ ಲೆಕ್ಕವೇ. ಅಂಗಳದೊಳಗೆ ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೊ ತೆಗೆಸಿಕೊಳ್ಳಲು ಸಾಲು ನಿಂತಿರುತ್ತದೆ. ಅದೇ ಗೆರೆ ಹೊರಗಿನ ಗೋಡೆಯ ಮೇಲೂ ಇಳಿದಿದೆ, ಅಲ್ಲಿ ಟಿಕೆಟ್ಟಿಲ್ಲ. ಮಗು ಸ್ವಲ್ಪ ದೊಡ್ಡದಾದರೆ ಕೈಗೆ ಫೋನ್ ಕೊಡಿ. ಗೆರೆಯ ಮೇಲೆ ನಿಂತರೂ ಜಿಪಿಎಸ್ ಸೊನ್ನೆ ತೋರಿಸುವುದಿಲ್ಲ. ಸೊನ್ನೆ ಸಿಗುವುದು ಸುಮಾರು 102 ಮೀಟರ್ ಪೂರ್ವಕ್ಕೆ, ಪಾರ್ಕಿನೊಳಗೆ. ಹಿಂದಿನವರು ದೂರದರ್ಶಕವನ್ನು ಆ ಜಾಗದ ಗುರುತ್ವದ ಲಂಬಕ್ಕೆ ಹೊಂದಿಸಿ ಗೆರೆ ಹಾಕಿದರು, ಉಪಗ್ರಹಗಳ ಲೆಕ್ಕ ಭೂಮಿಯ ಕೇಂದ್ರದಿಂದ. ಕಾರಣ ಅರ್ಥವಾಗದಿದ್ದರೂ ಪರವಾಗಿಲ್ಲ, ಸೊನ್ನೆ ಹುಡುಕಿಕೊಂಡು ಓಡುವುದೇ ಒಂದು ಆಟ.

ಅದೇ ಹುಲ್ಲಿನ ಮೇಲೆ ಕುಳಿತು ಬುತ್ತಿ ಬಿಚ್ಚಬಹುದು. ಚಿಕ್ಕಮ್ಮ ಕಟ್ಟಿಕೊಟ್ಟ ಚಿತ್ರಾನ್ನ, ಮೊಸರನ್ನ ಇದ್ದರೆ ಹೋಟೆಲು ಹುಡುಕುವ ಒಂದು ಗಂಟೆಯೂ ಉಳಿಯಿತು, ಪೌಂಡೂ ಉಳಿಯಿತು.

ಗುಡ್ಡ ಇಳಿದರೆ ನದಿಯ ದಂಡೆಯಲ್ಲಿ ಕಟಿ ಸಾರ್ಕ್. 1869ರಲ್ಲಿ ನೀರಿಗಿಳಿದ ಹಡಗು, ಚೀನಾದಿಂದ ಚಹಾ ತರುತ್ತಿತ್ತು. ಇಲ್ಲಿಗೆ ಬರುವ ಹೊತ್ತಿಗೆ ಮಗುವಿನ ಮುಖ ನೋಡಿ. ಬಾಡಿದ್ದರೆ ಹಡಗನ್ನು ಹೊರಗಿನಿಂದ ನೋಡಿದ್ದೇ ಸಾಕು. ಪಕ್ಕದಲ್ಲೇ ಗುಮ್ಮಟವಿರುವ ಗುಂಡನೆಯ ಪುಟ್ಟ ಕಟ್ಟಡವೊಂದಿದೆ, ಥೇಮ್ಸ್ ನದಿಯ ತಳದಲ್ಲಿ ನಡೆದು ದಾಟುವ ಸುರಂಗದ ಬಾಗಿಲು ಅದು. ಆಚೆ ದಡದ ಹಡಗುಕಟ್ಟೆಗೆ ಕೂಲಿಯವರು ಕೆಲಸಕ್ಕೆ ನಡೆದುಹೋಗಲೆಂದು 1902ರಲ್ಲಿ ತೆರೆದದ್ದು. ಉದ್ದ ಸುಮಾರು 370 ಮೀಟರ್, ಒಳಗೆಲ್ಲ ಬಿಳಿ ಟೈಲು, ಕೂಗಿದರೆ ದನಿ ಎದುರು ತುದಿಯವರೆಗೂ ಉರುಳುತ್ತದೆ. ಲಿಫ್ಟು ಒಮ್ಮೊಮ್ಮೆ ಕೈಕೊಡುತ್ತದೆ, ಆಗ ಸುತ್ತುಮೆಟ್ಟಿಲೇ ಗತಿ. ಮಗುವಿನ ತಳ್ಳುಗಾಡಿ ಇದ್ದವರು ಮೊದಲೇ ವಿಚಾರಿಸುವುದು ಒಳ್ಳೆಯದು. ಆಚೆ ದಡದಲ್ಲಿ ಐಲೆಂಡ್ ಗಾರ್ಡನ್ಸ್ ಸ್ಟೇಷನ್ನು. ಅಲ್ಲಿನ ಡಿಎಲ್‌ಆರ್ ರೈಲಿಗೆ ಮುಂದೆ ಡ್ರೈವರಿನ ಕೋಣೆಯೇ ಇಲ್ಲ. ಮುಂದಿನ ಸೀಟಿಗೆ ದೊಡ್ಡ ಗಾಜು, ಎದುರಿಗೆ ಹಳಿ, ಎರಡೂ ಕಡೆ ಕ್ಯಾನರಿ ವಾರ್ಫಿನ ಗಗನಚುಂಬಿಗಳು. ಆ ಸೀಟಿಗಾಗಿ ಮಕ್ಕಳಿಗಿಂತ ತಾತಂದಿರದೇ ಪೈಪೋಟಿ.

ಥೇಮ್ಸ್ ದಂಡೆಯಲ್ಲೇ ಇರುವ ಬಸವೇಶ್ವರರ ಪ್ರತಿಮೆಯನ್ನೂ ಇದೇ ದಿನ ಮುಗಿಸೋಣ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. 2015ರ ನವೆಂಬರಿನಲ್ಲಿ ಅನಾವರಣವಾದ ಆ ಪ್ರತಿಮೆ ಇರುವುದು ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, ಗ್ರೀನಿಚ್‌ನಿಂದ ಬಹಳ ದೂರ. ಅದಕ್ಕೆ ಇನ್ನೊಂದು ಬೆಳಗ್ಗೆ ಕೊಡಿ.

ಸ್ಟೋನ್‌ಹೆಂಜ್ ನೋಡಲೇಬೇಕೆಂದರೆ ವಾರ ಕಳೆಯಲಿ, ಮಗು ಬೆಳಗ್ಗೆ ಆರರವರೆಗೆ ಮಲಗುವಂತಾಗಲಿ. ಆಮೇಲೆ ವಾಟರ್‌ಲೂನಿಂದ ಸಾಲ್ಸ್‌ಬರಿಗೆ ರೈಲು, ಒಂದೂವರೆ ಗಂಟೆ. ಅಲ್ಲಿಂದ ಕಲ್ಲುಗಳಿಗೆ ಬಸ್ಸಿದೆ. ಮಳೆ ಹಿಡಿದರೆ ಬಸ್ಸು ಹತ್ತಲೇಬೇಡಿ. ಊರಿನ ದೊಡ್ಡ ಚರ್ಚಿನಲ್ಲಿ ಸುಮಾರು 1386ರದೆಂದು ಹೇಳುವ, ಮುಖವೂ ಮುಳ್ಳೂ ಇಲ್ಲದ ಗಡಿಯಾರವಿದೆ. ಅದನ್ನು ತೋರಿಸಿ ಮಧ್ಯಾಹ್ನದ ರೈಲಿಗೇ ವಾಪಸ್ಸು ಬನ್ನಿ.